ಅಮ್ಮನ ಹೆಸರಿನ ಮಾತ್ರೆ

ಮನೆಗೆ ಬಂದ ನೆಂಟರು ಕಾಫಿ ಕುಡಿದು, ಮಾತು ಮುಗಿದು ಸುಮ್ಮನೆ ಕೂತಾಗ ಅಮ್ಮ ಹೇಳುವ ಒಂದು ಕತೆಯಿದೆ. "ಹಂದಿಜ್ವರದ ವರ್ಷ ಇವ್ಳು ಇಲ್ದಿದ್ರೆ ನಮ್ಮ ದೊಡ್ಡೋಳು ನಮ್ಮ ಕೈಗೆ ಸಿಕ್ತಿರ್ಲಿಲ್ಲ. ಆ ಡಾಕ್ಟ್ರ ಹತ್ರ ಎಂತ ವಾದ ಮಾಡಿದ್ಲು ಅಂತೀರಿ, ಅವ್ರು ಬಾಯಿ ಮುಚ್ಕಂಡು ಮಾತ್ರೆ ಕೊಟ್ರು." ನೆಂಟರು ನನ್ನ ಕಡೆ ನೋಡಿ ತಲೆಯಾಡಿಸುತ್ತಾರೆ. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಅದನ್ನು ಅವರು ನಾಚಿಕೆ ಅಂದುಕೊಳ್ಳುತ್ತಾರೆ.

ಊರಿನವರ ಕತೆ ಇನ್ನೂ ಚಿಕ್ಕದು. ನಮ್ಮ ಕಡೆಗೆ ಹಂದಿಜ್ವರ ಬರಲೇ ಇಲ್ಲ, ಅಷ್ಟೇ. ಇರಬಹುದು. ಆದರೆ ಜ್ವರ ಬರದಿದ್ದರೂ ಆರೋಗ್ಯ ಕೇಂದ್ರದ ಗೋಡೆಗೆ ಅದರ ಬೋರ್ಡುಗಳು ಬಂದಿದ್ದವು. ಬೋರ್ಡುಗಳಿಂದ ಯಾರಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ.

ಅಮ್ಮನ ಕತೆಯಲ್ಲಿ ಸುಳ್ಳು ಏನೂ ಇಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನನ್ನ ತಕರಾರು ಅದು ನಿಲ್ಲುವ ಜಾಗದ ಬಗ್ಗೆ. ನಾನು ಮಾತ್ರೆಯ ಪೊಟ್ಟಣ ಹಿಡಿದು ಜೀಪು ಇಳಿಯುವಲ್ಲಿಗೆ ಅವಳು ಕತೆ ಮುಗಿಸುತ್ತಾಳೆ. ಅಕ್ಕನ ಕತೆ ಶುರುವಾಗುವುದು ಅಲ್ಲಿಂದ.

ಆಗ ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ತರಗತಿಯಲ್ಲಿ ಇದ್ದದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಇದ್ದದ್ದೇ ಹೆಚ್ಚು. ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಐದು ನಿಮಿಷದಲ್ಲಿ ತಯಾರಾಗಿ, ಎದುರಿನವರು ಹೇಳಿದ್ದನ್ನು ಅವರ ಮಾತಿನಿಂದಲೇ ಕೆಡವುವುದು ನನಗೆ ಚೆನ್ನಾಗಿ ಬರುತ್ತಿತ್ತು. ನಮಗೆ ಹೇಳಿಕೊಡುತ್ತಿದ್ದ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: ಎದುರಾಳಿಯನ್ನು ನೋಡಿ ಮಾತಾಡಬೇಡ, ಕೂತವರನ್ನು ನೋಡಿ ಮಾತಾಡು. ಗೆಲ್ಲಿಸುವವರು ಅವರು.

ಜ್ವರದ ಸುದ್ದಿ ಪೇಪರಿನಲ್ಲಿ ದಿನಾ ಬರತೊಡಗಿದ ಮೇಲೆ ಹಾಸ್ಟೆಲ್ ಖಾಲಿ ಮಾಡಿಸಿದರು. ನಾನು ಟ್ರಂಕು ಹೊತ್ತು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅರ್ಧ ಜನ ಮೂಗಿಗೆ ಕರವಸ್ತ್ರ ಕಟ್ಟಿದ್ದರು. ಬಣಕಲ್ ಹತ್ತಿರ ಹಿಂದಿನ ಸೀಟಿನ ಹಿರಿಯರೊಬ್ಬರು ಮೂರು ಸಲ ಸೀನಿದ್ದೇ ತಡ, ಮಳೆ ಹೊಡೆಯುತ್ತಿದ್ದರೂ ಎಲ್ಲರೂ ಕಿಟಕಿ ತೆಗೆದರು.

"ನಶ್ಯ, ಮಾರಾಯ್ರೆ, ನಶ್ಯ," ಅವರು ಡಬ್ಬಿ ಎತ್ತಿ ತೋರಿಸಿದರು.

"ನಶ್ಯಾನೇ ಆಗ್ಲಿ, ಆಚೆ ಮುಖ ಮಾಡಿ ಸೀನಿ," ಎಂದ ಕಂಡಕ್ಟರು. "ನೀವು ಸೀನಿ ಇಳ್ದು ಹೋಗ್ತೀರಿ. ನಾನು ವಾಪಸ್ ಟ್ರಿಪ್ಪೂ ಮಾಡ್ಬೇಕು."

ಕಳಸದಿಂದ ನಮ್ಮ ಎಸ್ಟೇಟಿಗೆ ಜೀಪಿನಲ್ಲಿ ಹೋಗಬೇಕು. ಡ್ರೈವರು ನನ್ನನ್ನು ಚಿಕ್ಕಂದಿನಿಂದ ಬಲ್ಲವನು, ಯಾವತ್ತೂ ಮುಂದಿನ ಸೀಟು ಕೊಡುತ್ತಿದ್ದವನು. "ಚಿಕ್ಕಮಗಳೂರಿಂದ ಸೀದಾ ಬಂದ್ರಾ? ಹಾಗಾರೆ ಹಿಂದೆ ಕೂತ್ಕಳಿ ಮಾರಾಯ್ತಿ," ಎಂದ.

ಅಪ್ಪ ಎಸ್ಟೇಟಿನ ರೈಟರು. ಹಾಜರಿ ಬರೆಯುವುದು, ಕೆಲಸ ಹಂಚುವುದು, ಸಾಹುಕಾರರಿಗೆ ಲೆಕ್ಕ ಒಪ್ಪಿಸುವುದು ಅವರ ಕೆಲಸ. ಸಾಹುಕಾರರು ಹೇಳಿ ಕಳಿಸಿದ್ದರಂತೆ, ಪೇಟೆಯಿಂದ ಬಂದವರನ್ನು ಒಂದು ವಾರ ಬೇರೆ ಇಡಿ ಎಂದು. ಹಾಗಾಗಿ ರೈಟರ ಮಗಳಿಗೆ ಕ್ವಾರ್ಟರ್ಸಿನ ಪಕ್ಕದ ಗೋಣಿಚೀಲದ ಕೋಣೆ. ಖಾಲಿ ಚೀಲಗಳ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಅಮ್ಮ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಹೋಗಿ, "ತಗ" ಎನ್ನುತ್ತಿದ್ದಳು. ಲೈನಿನ ಹೆಂಗಸರು ಕೆಲಸಕ್ಕೆ ಹೋಗುವಾಗ ನನ್ನ ಬಾಗಿಲ ಮುಂದಿನ ದಾರಿ ಬಿಟ್ಟು ಕೆಳಗಿನ ದಾರಿ ಹಿಡಿದರು. ಲೈನು ಅಂದರೆ ಕೆಲಸದವರ ಮನೆಗಳ ಸಾಲು. ಅಲ್ಲಿನ ಪ್ರತಿ ಮನೆಯವರೂ ನನ್ನನ್ನು ಒಂದಲ್ಲ ಒಂದು ದಿನ ಎತ್ತಿಕೊಂಡವರೇ. ಮೂರನೆಯ ದಿನಕ್ಕೆ ನನ್ನ ದನಿ ನನಗೇ ಕೇಳಲಿ ಎಂದು ಹಳೆಯ ಸ್ಪರ್ಧೆಗಳ ಭಾಷಣಗಳನ್ನು ಗೋಡೆಗೆ ಹೇಳತೊಡಗಿದೆ. ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ.

ಅಕ್ಕ ಒಬ್ಬಳು ಮಾತ್ರ ಒಳಗೆ ಬಂದು ಚಾಪೆಯ ಮೇಲೇ ಕೂರುತ್ತಿದ್ದಳು.

"ನಿಂಗೆ ಹೆದ್ರಿಕೆ ಇಲ್ವೇನೆ?" ಎಂದರೆ, "ನನ್ನ ಹತ್ರ ಒಂದು ಉಂಟಲ್ಲ, ಅದು ಇನ್ನೊಂದನ್ನ ಒಳಗೆ ಬಿಡಲ್ಲ," ಎಂದಳು.

ಅವಳ ಹತ್ತಿರ ಇದ್ದದ್ದು ಫಿಟ್ಸ್. ಒಂಬತ್ತನೆಯ ತರಗತಿಯಲ್ಲಿ ಶುರುವಾಗಿ ಎರಡು ಮೂರು ವರ್ಷ ಕಾಡಿದ್ದು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದ ಮೇಲೆ ದಿನಾ ರಾತ್ರಿ ಒಂದು ಬಿಳಿ ಮಾತ್ರೆ. ಅದನ್ನು ನುಂಗಿದಷ್ಟು ಕಾಲ ಏನೂ ಇಲ್ಲ. ಆರು ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ಹಾಗಾಗಿಯೇ ಅವಳು ಎಸ್ಟೇಟಿನ ಶಿಶುವಿಹಾರ ನೋಡಿಕೊಳ್ಳುತ್ತಿದ್ದಳು. ಲೈನಿನ ಕೊನೆಯ ಕೋಣೆ ಅದು. ತಾಯಂದಿರು ತೋಟಕ್ಕೆ ಹೋಗುವಾಗ ಹಾಲು ಕುಡಿಯುವ ಮಕ್ಕಳನ್ನೂ ಆಗತಾನೆ ನಡೆಯುವ ಮಕ್ಕಳನ್ನೂ ಅಲ್ಲಿ ಬಿಟ್ಟು ಹೋಗುತ್ತಾರೆ. ಜಂತಿಗೆ ಸೀರೆಯ ಜೋಲಿಗಳು, ಮೂಲೆಯಲ್ಲಿ ಗಂಜಿಯ ಒಲೆ. ಯಾವ ಮಗು ಯಾವ ಕಡೆ ತಲೆ ಹಾಕಿದರೆ ಮಲಗುತ್ತದೆ, ಯಾವುದು ಗಂಜಿಗೆ ಬೆಲ್ಲ ಹಾಕದಿದ್ದರೆ ಉಗುಳುತ್ತದೆ, ಅದೆಲ್ಲ ಅಕ್ಕನಿಗೆ ಗೊತ್ತಿತ್ತು. ಅವಳಿಗೆ ಮದುವೆಯ ಮಾತು ನಡೆದಿತ್ತು, ಬಣಕಲ್ ಕಡೆಯ ಹುಡುಗ, ದಸರಾ ಕಳೆದ ಮೇಲೆ ನಿಶ್ಚಿತಾರ್ಥ ಎಂದಿದ್ದರು. ಅದನ್ನು ಕೇಳಿದರೆ ಎರಡು ವಾಕ್ಯ ಹೇಳುತ್ತಿದ್ದಳು. ಜೋಲಿಯಲ್ಲಿದ್ದ ಒಂದು ಮಗುವಿನ ಬಗ್ಗೆ ಕೇಳಿದರೆ ಅರ್ಧ ಗಂಟೆ.

ಫಿಟ್ಸ್ ವಿಷಯ ಮನೆಯ ನಾಲ್ವರಿಗೆ, ಆರೋಗ್ಯ ಕೇಂದ್ರದ ಹಳೆಯ ಸಿಸ್ಟರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೊಂದು ಏರ್ಪಾಡಿತ್ತು. ಅದನ್ನು ಮಾಡಿಕೊಟ್ಟವರು ಸಿಸ್ಟರೇ. ದೊಡ್ಡ ಆಸ್ಪತ್ರೆಯ ಕಾಗದ ಹಿಡಿದು ಅಮ್ಮ ಮೊದಲ ಸಲ ಹೋದಾಗ ಅವರು ಪೆನ್ನು ಎತ್ತಿ ಕೇಳಿದ್ದರಂತೆ: "ಹುಡುಗಿ ಹೆಸ್ರಲ್ಲಿ ಬರೀಲಾ? ನಾಳೆ ಯಾರಾದ್ರೂ ರಿಜಿಸ್ಟರ್ ನೋಡಿದ್ರೆ? ನಿಮ್ಮ ಹೆಸ್ರಲ್ಲೇ ಇರ್ಲಿ." ಅಲ್ಲಿಂದ ಮುಂದೆ ಅಮ್ಮನೇ ಫಿಟ್ಸಿನ ರೋಗಿ. ಪ್ರತಿ ತಿಂಗಳು ಸಂತೆಯ ದಿನ ಅಮ್ಮ ಅಲ್ಲಿಗೆ ಹೋಗಿ, ತನ್ನ ಚೀಟಿ ತೋರಿಸಿ, ಪೇಪರಿನಲ್ಲಿ ಸುತ್ತಿದ ಮಾತ್ರೆಗಳನ್ನು ತರಕಾರಿಯ ಅಡಿಗೆ ಹಾಕಿಕೊಂಡು ಬರುತ್ತಿದ್ದಳು.

ನಾವೊಬ್ಬರೇ ಅಲ್ಲ. ನಮ್ಮ ಕಡೆ ಮದುವೆಯಾಗದ ಹುಡುಗಿಯರ ಕಾಯಿಲೆಗಳೆಲ್ಲ ತಾಯಂದಿರ ಹೆಸರಿನಲ್ಲೇ ಇರುತ್ತಿದ್ದವು. ತೊನ್ನಿನ ಮುಲಾಮು, ಉಬ್ಬಸದ ಮಾತ್ರೆ, ಮುಟ್ಟು ನಿಂತದ್ದಕ್ಕೆ ಕೊಡುವ ಔಷಧಿ, ಎಲ್ಲ. ಆ ರಿಜಿಸ್ಟರನ್ನು ನಂಬುವುದಾದರೆ ನಮ್ಮ ಸೀಮೆಯಲ್ಲಿ ಮದುವೆಗೆ ಬಂದ ಹುಡುಗಿಯರೆಲ್ಲ ಗಟ್ಟಿಮುಟ್ಟು, ಅವರ ತಾಯಂದಿರಿಗೆ ಮಾತ್ರ ಇಲ್ಲದ ರೋಗವಿಲ್ಲ. ನನಗೆ ಈ ಏರ್ಪಾಡಿನ ಮೇಲೆ ಸಿಟ್ಟಿತ್ತು. ಮುಚ್ಚಿಡುವುದರಿಂದಲೇ ಕಾಯಿಲೆಗೆ ಅವಮಾನ ಅಂಟುತ್ತದೆ ಎಂದು ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ ಮಾತಾಡಿ ಶೀಲ್ಡು ತಂದಿದ್ದೆ. ಆ ಶೀಲ್ಡನ್ನು ಮನೆಗೆ ತಂದಾಗ ಅಮ್ಮ ಒರೆಸಿ ಕಪಾಟಿನ ಮೇಲಿಟ್ಟಳು, ವಿಷಯ ಏನೆಂದು ಕೇಳಲಿಲ್ಲ.

ಇನ್ನು ಬೋರ್ಡುಗಳು. ಸಿಸ್ಟರನ್ನು ಜ್ವರದ ವಾರ್ಡಿಗೆಂದು ಜಿಲ್ಲಾ ಕೇಂದ್ರಕ್ಕೆ ಹಾಕಿದ್ದರು. ಆರೋಗ್ಯ ಕೇಂದ್ರಕ್ಕೆ ಬಂದಿದ್ದವರು ಗುತ್ತಿಗೆಯ ಮೇಲಿನ ಹೊಸ ಡಾಕ್ಟರು. ಗೇಟಿಗೆ ಹಗ್ಗ ಕಟ್ಟಿ, ಅಟೆಂಡರನ್ನು ನಿಲ್ಲಿಸಿ, ಕೆಮ್ಮುವವರು ಒಂದು ಕಡೆ, ಕೆಮ್ಮದವರು ಒಂದು ಕಡೆ ಎಂದು ಮಾಡಿದ್ದರು. ಗೋಡೆಯ ಮೇಲೆ ಎರಡು ಬೋರ್ಡು. ಒಂದರಲ್ಲಿ, ಜ್ವರ ಕೆಮ್ಮು ಇರುವವರು ಏಳು ದಿನ ಮನೆಯಿಂದ ಹೊರಗೆ ಬರಬಾರದು. ಇನ್ನೊಂದರಲ್ಲಿ, ರೋಗಿ ಖುದ್ದಾಗಿ ಬಂದರೆ ಮಾತ್ರ ಔಷಧಿ.

ಅಮ್ಮನಿಗೆ ಒಲೆ ಹೊಗೆಯ ಕೆಮ್ಮು ಇದೆ, ನಾನು ಹುಟ್ಟಿದಾಗಿನಿಂದ ಇದೆ. ಆ ತಿಂಗಳ ಸಂತೆಯ ದಿನ ಹಗ್ಗದ ಹತ್ತಿರ ಹೋದಾಗ, ದಿಣ್ಣೆ ಹತ್ತಿದ ಆಯಾಸಕ್ಕೋ ಹೆದರಿಕೆಗೋ, ಕೆಮ್ಮಿಬಿಟ್ಟಳು. ಅಟೆಂಡರು ಅವಳನ್ನು ಜ್ವರದವರ ಶೆಡ್ಡಿಗೆ ಕಳಿಸಿದ. "ಹೊಗೆ ಕೆಮ್ಮಪ್ಪ ಇದು," ಅಂದಳಂತೆ. "ಎಲ್ಲಾರೂ ಹಂಗೇ ಹೇಳೋದು ಅಮ್ಮಾ," ಅಂದನಂತೆ ಅವನು. ಶೆಡ್ಡಿನಲ್ಲಿ ನಮ್ಮ ಲೈನಿನ ಹೆಂಗಸರೇ ಇಬ್ಬರು ಕೂತಿದ್ದರು. ಡಾಕ್ಟರು ಎಲ್ಲರನ್ನೂ ಕೇಳಿದ ಹಾಗೆ ಅವಳನ್ನೂ ಕೇಳಿದರು: ಬಿ.ಪಿ., ಶುಗರ್, ಬೇರೆ ಯಾವುದಾದರೂ ಕಾಯಿಲೆಗೆ ಮಾತ್ರೆ ತಗೊಳ್ತೀರಾ? ಅಮ್ಮ ಆ ಇಬ್ಬರ ಮುಖ ನೋಡಿ, "ಎಂತದೂ ಇಲ್ಲ" ಎಂದಳು. ಕೆಮ್ಮಿನ ಮಾತ್ರೆ ಕೊಟ್ಟು, ಏಳು ದಿನ ಮನೆಯಲ್ಲೇ ಇರಿ ಎಂದು ಬರೆದು ಕಳಿಸಿದರು.

ಆ ಸಂಜೆ ಅಡುಗೆಮನೆಯಲ್ಲಿ ಮೂವರೂ ಕೂತಿದ್ದರು. ನಾನು ಹೊರಗಿನಿಂದ ಕಿಟಕಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ.

"ಎಷ್ಟು ಉಳ್ದಿದಾವೆ?" ಅಪ್ಪ ಕೇಳಿದರು.

"ನಾಕು," ಎಂದಳು ಅಕ್ಕ.

"ನಾಳೆ ನಾನು ಮೆಡಿಕಲ್ಲಲ್ಲಿ ಕೇಳ್ತೀನಿ."

ಮರುದಿನ ಅಪ್ಪ ಬಾಡಿದ ಮುಖದಲ್ಲಿ ವಾಪಸ್ ಬಂದರು. ಆ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಅಂಗಡಿಯವರು ಕೊಡುವುದಿಲ್ಲ, ಸಿಸ್ಟರು ಬರೆದ ಅಮ್ಮನ ಚೀಟಿ ಅಲ್ಲಿ ನಡೆಯುವುದಿಲ್ಲ. ದೊಡ್ಡ ಆಸ್ಪತ್ರೆಯ ಕಾಗದ ಎಂದೋ ಸಿಸ್ಟರ ಕೈ ಸೇರಿತ್ತು. ಅಕ್ಕ ನಾಲ್ಕು ಮಾತ್ರೆಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಎಂಟು ಮಾಡಿದಳು. ಅರ್ಧ ಮಾತ್ರೆಯೆಂದರೆ ಅರ್ಧ ರಕ್ಷಣೆ ಎಂದು ನಾವೆಲ್ಲ ನಂಬಿದೆವು. ನಾನೂ ನಂಬಿದೆ, ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪದ ನಾನು.

ಅರ್ಧ ಮಾತ್ರೆ ಶುರುವಾದ ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂವರೆಗೆಲ್ಲ ಅಕ್ಕ ಶಿಶುವಿಹಾರದಿಂದ ಬಂದಳು. ಆ ಹೊತ್ತಿಗೆ ಅವಳು ಬರುವುದೇ ಇಲ್ಲ. ಸೀದಾ ನನ್ನ ಕೋಣೆಗೆ ಬಂದು ಚೀಲದ ಮೇಲೆ ಕೂತಳು.

"ಎಡಗೈ ಬೆರಳು ಜುಮ್ಮಂತು," ಎಂದಳು. "ಮಗು ತೊಡೆ ಮೇಲಿತ್ತು. ಕೆಳಗೆ ಮಲಗ್ಸಿ, ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಹೋಯ್ತು. ಪಕ್ಕದ ಮನೆ ಅಜ್ಜೀನ ಕೂರ್ಸಿ ಬಂದೆ, ಹೊಟ್ಟೆನೋವು ಅಂತ ಹೇಳಿ."

ಆರು ವರ್ಷದ ಹಿಂದೆ ಫಿಟ್ಸ್ ಬರುವ ಮೊದಲು ಹಾಗೇ ಆಗುತ್ತಿತ್ತು. ಅವಳ ಕೈ ಹಿಡಿದೆ. "ನಾಳೆ ಹೋಗ್ಬೇಡ," ಎಂದೆ.

"ಹೋಗ್ದಿದ್ರೆ ಎಂತಕ್ಕೆ ಅಂತ ಕೇಳ್ತಾರೆ. ಹೋದ್ರೆ..." ಎಡಗೈ ಬೆರಳುಗಳನ್ನು ಮಡಚಿ ಬಿಚ್ಚಿದಳು. "ಆ ಸಣ್ಣದು ಇದೆಯಲ್ಲ, ಮೇಸ್ತ್ರಿ ಸೊಸೇದು, ಅದಕ್ಕೆ ಇವತ್ತು ಮೊದಲನೇ ಹಲ್ಲು ಕಾಣ್ತು," ಎಂದಳು.

ನನ್ನ ಏಳು ದಿನ ಮುಗಿದಿದ್ದವು. ಅಮ್ಮನ ಚೀಟಿ ತೆಗೆದುಕೊಂಡು ಮಧ್ಯಾಹ್ನದ ಜೀಪಿಗೆ ಹೊರಟೆ. ಅಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ನಂಗೇ ಅಂತ ಹೇಳು. ಬೇರೆ ಎಂತದೂ ಬೇಡ."

ಇಲ್ಲಿಂದ ಮುಂದಿನದು ಅಮ್ಮನ ಕತೆಯಲ್ಲಿ ಬಹಳ ಬೇಗ ಮುಗಿದುಹೋಗುತ್ತದೆ. ನಾನು ನಿಧಾನ ಹೇಳುತ್ತೇನೆ.

ಡಾಕ್ಟರು ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಮಾಸ್ಕಿನ ಮೇಲೆ ನಿದ್ದೆಯಿಲ್ಲದ ಕಣ್ಣು. ಸಾಲಿನಲ್ಲಿ ನನ್ನ ಹಿಂದೆ ಏಳೆಂಟು ಜನ. ಅವರಲ್ಲಿ ತೋಟದ ಆಳುಗಳನ್ನು ನೋಡಿಕೊಳ್ಳುವ ನಮ್ಮ ಮೇಸ್ತ್ರಿಯ ಹೆಂಡತಿ, ಅವರ ಹಿಂದೆ ಲೈನಿನ ಬೇರೆ ಇಬ್ಬರು ಹೆಂಗಸರು. ಆ ಇಬ್ಬರ ಮಕ್ಕಳೂ ಅಕ್ಕನ ಹತ್ತಿರವೇ ಇರುತ್ತಿದ್ದವು.

"ಯಾರಿಗೆ?" ಡಾಕ್ಟರು ಚೀಟಿ ನೋಡಿ ಕೇಳಿದರು.

"ಅಮ್ಮನಿಗೆ."

"ಅವ್ರನ್ನೇ ಕರ್ಕೊಂಡು ಬನ್ನಿ."

"ಸರ್, ಅವ್ರು ಏಳು ದಿನ ಹೊರಗೆ ಬರ್ಬಾರ್ದು ಅಂತ ನೀವೇ ಬರ್ದು ಕೊಟ್ಟಿದೀರಿ. ಬಂದ್ರೆ ಆ ಬೋರ್ಡಿನ ಪ್ರಕಾರ ತಪ್ಪು, ಬರ್ದಿದ್ರೆ ಈ ಬೋರ್ಡಿನ ಪ್ರಕಾರ ಮಾತ್ರೆ ಇಲ್ಲ. ಎರಡರಲ್ಲಿ ಯಾವುದು ಸರಿ ಅಂತ ಹೇಳಿ, ಅದನ್ನ ಪಾಲಿಸ್ತೀವಿ."

ಹಿಂದೆ ಯಾರೋ ಕಿಸಕ್ಕೆಂದರು. ಆ ಸದ್ದು ನನ್ನ ಬೆನ್ನಿಗೆ ಬಿಸಿಲಿನ ಹಾಗೆ ತಾಗಿತು. ವಾರದಿಂದ ಗೋಡೆಗೆ ಮಾತಾಡುತ್ತಿದ್ದವಳಿಗೆ ಕೇಳುವವರು ಸಿಕ್ಕಿದ್ದರು.

ಡಾಕ್ಟರು ಸಿಟ್ಟಾಗಲಿಲ್ಲ. "ನೀವು ಹೇಳೋದು ಸರಿ. ಎರಡೂ ಒಟ್ಟಿಗೆ ಆಗಲ್ಲ," ಎಂದರು. ಆಮೇಲೆ ಪುಸ್ತಕ ತಿರುಗಿಸಿ ನೋಡಿದರು. "ಆದ್ರೆ ಮೊನ್ನೆ ನಾನು ನಿಮ್ಮ ತಾಯೀನ ಕೇಳಿದೀನಿ, ಬೇರೆ ಕಾಯಿಲೆ ಉಂಟಾ ಅಂತ. ಇಲ್ಲ ಅಂದ್ರು. ಇದು ಫಿಟ್ಸಿನ ಮಾತ್ರೆ. ಹೆಚ್ಚು ನುಂಗಿದ್ರೆ ಜೀವಕ್ಕೆ ಅಪಾಯ. ಯಾರು ತಗೊಳ್ತಿದಾರೆ ಅಂತ ಗೊತ್ತಿಲ್ದೆ ನಾನು ಹೇಗೆ ಕೊಡ್ಲಿ? ಅವ್ರಿಗೆ ಕೊನೇ ಸಲ ಫಿಟ್ಸ್ ಬಂದಿದ್ದು ಯಾವಾಗ?"

ಒಂದು ತಾರೀಖು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಸಾಲನ್ನು ನೋಡಿದರು, ದನಿ ತಗ್ಗಿಸಿದರು.

"ಒಳಗೆ ಬನ್ನಿ. ಕೂತು ಮಾತಾಡೋಣ."

ಈ ಮಾತು ಮನೆಯ ಕತೆಯಲ್ಲಿ ಇಲ್ಲ. ಯಾಕೆಂದರೆ ನಾನು ಅದನ್ನು ಯಾರಿಗೂ ಹೇಳಿಲ್ಲ. ಒಳಗೆ ಒಂದು ಕೋಣೆಯಿತ್ತು, ಬಾಗಿಲು ಅರ್ಧ ತೆರೆದಿತ್ತು, ಅಲ್ಲೊಂದು ಸ್ಟೂಲು ಕಾಣುತ್ತಿತ್ತು. ಐದು ಹೆಜ್ಜೆ. ಒಳಗೆ ಹೋಗಿ ಇದ್ದದ್ದನ್ನು ಹೇಳಿದ್ದರೆ ಆ ಮನುಷ್ಯ ಮಾತ್ರೆ ಕೊಡುತ್ತಿದ್ದರು, ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ. ಆದರೆ ಒಳಗೆ ಹೋಗುವುದೆಂದರೆ ಗೆಲ್ಲುತ್ತಿದ್ದ ವಾದವನ್ನು ನಡುವೆ ಬಿಟ್ಟು ಬೇಡಿಕೊಳ್ಳಲು ಹೋದ ಹಾಗೆ ಅನ್ನಿಸಿತು. ಒಳಗೆ ಕೇಳುವವರು ಇರುವುದಿಲ್ಲ.

"ಒಳಗೆ ಎಂತಕ್ಕೆ ಸರ್? ಕಳ್ಳತನ ಮಾಡಿದೀವಾ?" ಎಂದೆ. ಆ ಪ್ರಶ್ನೆಯನ್ನು ಅವರಿಗೆ ಕೇಳಿದರೂ ಅರ್ಧ ತಿರುಗಿದ್ದು ಸಾಲಿನ ಕಡೆಗೆ. "ಈ ಮಾತ್ರೆ ನನ್ನ ಅಕ್ಕನಿಗೆ. ಅವ್ಳಿಗೆ ಫಿಟ್ಸ್ ಉಂಟು. ಮದುವೆ ಆಗ್ದಿರೋ ಹುಡುಗಿ ಹೆಸ್ರು ರಿಜಿಸ್ಟರಲ್ಲಿ ಬರೀಬಾರ್ದು ಅಂತ ನಿಮ್ಮ ಕೇಂದ್ರದವ್ರೇ ಅಮ್ಮನ ಹೆಸ್ರಲ್ಲಿ ಬರ್ದಿದಾರೆ. ಆರು ವರ್ಷ ಅವ್ಳು ಮಕ್ಕಳನ್ನ ನೋಡ್ಕೊಂಡಿದಾಳೆ, ಒಂದು ದಿನ ಫಿಟ್ಸ್ ಬಂದಿಲ್ಲ. ಇವತ್ತು ಬೆಳಿಗ್ಗೆ ಬರೋ ಹಾಗಾಗಿದೆ, ಯಾಕಂದ್ರೆ ನಿಮ್ಮ ಎರಡು ಬೋರ್ಡಿನ ನಡುವೆ ಅವ್ಳ ಮಾತ್ರೆ ಸಿಕ್ಕಿ ಹಾಕ್ಕೊಂಡಿದೆ. ಈಗ ಹೇಳಿ, ತಪ್ಪು ಯಾರದ್ದು?"

ಚೆನ್ನಾಗಿ ಹೇಳಿದೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದೆ. ಸಾಲಿನಲ್ಲಿ ಒಬ್ಬರೂ ನಗಲಿಲ್ಲ. ಡಾಕ್ಟರು ನನ್ನ ಕಡೆ ನೋಡಿದರು. ಸೋತವರ ಮುಖ ನನಗೆ ಗೊತ್ತು, ಅದು ಸೋತ ಮುಖವಾಗಿರಲಿಲ್ಲ. ಹೊಸ ಚೀಟಿ ತೆಗೆದರು. "ಅಕ್ಕನ ಹೆಸ್ರೇನು?" ಎಂದರು. ಹೇಳಿದೆ. ಬರೆದರು. ಹದಿನೈದು ದಿನದ ಮಾತ್ರೆ ಕೊಟ್ಟು, "ಅರ್ಧ ಮಾಡಿ ಕೊಡ್ಬೇಡಿ. ಮುಂದಿನ ಸಲ ಅವ್ರನ್ನ ಕರ್ಕೊಂಡು ಬನ್ನಿ, ಒಮ್ಮೆ ನೋಡ್ಬೇಕು," ಎಂದರು. ಮಾತ್ರೆ ಅರ್ಧ ಮಾಡಿದ್ದನ್ನು ನಾನು ಹೇಳಿರಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರೋ ಏನೋ.

ವಾಪಸ್ ಬರುವ ಜೀಪಿನಲ್ಲಿ ಮೇಸ್ತ್ರಿಯ ಹೆಂಡತಿ, ಆ ಇಬ್ಬರು ಹೆಂಗಸರು, ನಾನು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿತ್ತು. ಒಬ್ಬಳು ಮಾತ್ರ ಇಳಿಯುವಾಗ ನನ್ನ ಕೊಡೆ ಎತ್ತಿಕೊಟ್ಟಳು, ಬಹಳ ಮೃದುವಾಗಿ, ಸಾವಿನ ಮನೆಯವರಿಗೆ ಕೊಡುವ ಹಾಗೆ.

ಆ ರಾತ್ರಿ ಅಕ್ಕ ಪೂರ್ತಿ ಮಾತ್ರೆ ನುಂಗಿದಳು. ಚೀಟಿಯ ಮೇಲೆ ತನ್ನ ಹೆಸರು ನೋಡಿ, ಅದನ್ನು ತಿರುಗಿಸಿ, ಮತ್ತೆ ನೋಡಿದಳು. "ಯಾರ್ಯಾರು ಇದ್ರು ಅಲ್ಲಿ?" ಎಂದಳು. ಹೇಳಿದೆ. "ಹ್ಞೂಂ," ಎಂದಳು.

ಮರುದಿನ ಶಿಶುವಿಹಾರಕ್ಕೆ ಒಂಬತ್ತು ಮಕ್ಕಳ ಜಾಗದಲ್ಲಿ ನಾಲ್ಕು ಬಂದವು. ಆಮೇಲೆ ಎರಡು. ವಾರ ಕಳೆಯುವುದರೊಳಗೆ ಜೋಲಿಗಳೆಲ್ಲ ಖಾಲಿ. ತಾಯಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ತೋಟಕ್ಕೆ ಹೋದರು, ಕೆಲವರು ಮುದುಕರ ಹತ್ತಿರ ಬಿಟ್ಟರು. ನಾನು ಒಬ್ಬೊಬ್ಬರನ್ನೇ ದಾರಿಯಲ್ಲಿ ತಡೆದು ಕೇಳಿದೆ.

"ಹಂದಿಜ್ವರ ಅಲ್ವನವ್ವಾ," ಎಂದಳು ಒಬ್ಬಳು. "ಮಕ್ಕಳನ್ನ ಒಂದೇ ಕಡೆ ಸೇರಿಸ್ಬಾರ್ದಂತೆ. ಬೋರ್ಡ್ ಹಾಕಿದಾರಲ್ಲ."

"ಮೊನ್ನೆವರೆಗೂ ಸೇರಿಸ್ತಿದ್ರಿ."

"ಮೊನ್ನೆ ನಮಗೆ ಗೊತ್ತಿರ್ಲಿಲ್ಲ."

"ಎಂತದು ಗೊತ್ತಿರ್ಲಿಲ್ಲ?"

"ಜ್ವರದ ವಿಷ್ಯ," ಎಂದು ನನ್ನ ಕಣ್ಣು ತಪ್ಪಿಸಿ ಬುಟ್ಟಿ ಎತ್ತಿಕೊಂಡಳು.

ಇನ್ನೊಬ್ಬಳು ಅದನ್ನೇ ಹೇಳಿದಳು. ಮೇಸ್ತ್ರಿಯ ಸೊಸೆಯೂ ಅದನ್ನೇ. ಬಣಕಲ್ಲಿನವರು ಫೋನು ಮಾಡಿ ಅಪ್ಪನಿಗೆ ಹೇಳಿದ್ದೂ ಅದೇ: "ಈ ಕಾಯಿಲೆ ಗಲಾಟೆ ಎಲ್ಲ ಕಳೀಲಿ ರೈಟರೇ, ಆಮೇಲೆ ನೋಡಾಣ." ಫಿಟ್ಸ್ ಎಂಬ ಪದವನ್ನು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ವಾದ ಮಾಡಬಹುದಿತ್ತು. ಆರು ವರ್ಷದ ಲೆಕ್ಕ ಮುಂದಿಡಬಹುದಿತ್ತು, ಬೆರಳು ಜುಮ್ಮೆಂದ ತಕ್ಷಣ ಮಗುವನ್ನು ಕೆಳಗೆ ಮಲಗಿಸಿದವಳು ಅವಳು ಎನ್ನಬಹುದಿತ್ತು. ನನ್ನ ಎದುರಾಳಿ ಎಲ್ಲೂ ಇರಲಿಲ್ಲ. ಎಲ್ಲರೂ ಜ್ವರದ ಪರವಾಗಿದ್ದರು, ಜ್ವರದ ವಿರುದ್ಧ ಮಾತಾಡುವವರು ಯಾರು?

ಅವರನ್ನು ನಾನು ಬೈದುಕೊಂಡದ್ದುಂಟು. ಆದರೆ ಚರ್ಚೆಯ ಚೀಟಿ ಎತ್ತಿದಾಗ ಅವರ ಪಕ್ಷ ಬಂದಿದ್ದರೆ? ನನಗೊಂದು ಮಗುವಿದ್ದು, ಅದನ್ನು ಗಂಜಿಯ ಒಲೆ ಉರಿಯುವ ಕೋಣೆಯಲ್ಲಿ ಬಿಟ್ಟು, ಕಣ್ಣಿಗೆ ಕಾಣದಷ್ಟು ದೂರದ ತೋಟದಲ್ಲಿ ದಿನವಿಡೀ ಕಳೆ ಕೀಳಬೇಕಾಗಿದ್ದರೆ? ಆ ಪಕ್ಷವನ್ನೂ ಗೆಲ್ಲಿಸಬಲ್ಲೆ. ಅದೇ ನನಗೆ ಹಿಂಸೆ. ಮುಚ್ಚಿಟ್ಟದ್ದೂ ತಪ್ಪೇ ಇರಬಹುದು, ಆ ತಾಯಂದಿರಿಗೆ ತಿಳಿಯುವ ಹಕ್ಕು ಇತ್ತು. ಆದರೆ ತಿಳಿಸುವ ಕೆಲಸ ನನ್ನದಾಗಿರಲಿಲ್ಲ. ನಾನು ಹಕ್ಕಿನ ಬಗ್ಗೆ ಯೋಚಿಸಿಯೂ ಇರಲಿಲ್ಲ. ಕಿಸಕ್ಕೆಂದ ಒಂದು ಸದ್ದಿನ ಹಿಂದೆ ಹೋಗಿದ್ದೆ.

ಕೆಲವು ವಾರ ಅಕ್ಕ ಖಾಲಿ ಶಿಶುವಿಹಾರಕ್ಕೇ ಹೋದಳು. ಸಂಬಳದ ಕೆಲಸ, ಹೋಗದಿದ್ದರೆ ಹಾಜರಿ ಹಾಕುವಂತಿಲ್ಲ ಎಂದಳು. ಒಂದು ದಿನ ನಾನು ಊಟ ತೆಗೆದುಕೊಂಡು ಹೋದೆ. ನೆಲ ಗುಡಿಸಿತ್ತು. ಒಂಬತ್ತು ಲೋಟಗಳನ್ನು ಕವುಚಿ ಸಾಲಾಗಿಟ್ಟಿದ್ದಳು. ಅವಳು ಕಿಟಕಿಯ ಹತ್ತಿರ ಕೂತು ಒಂದು ಖಾಲಿ ಜೋಲಿಯ ಹಗ್ಗ ಹಿಡಿದಿದ್ದಳು. ತೂಗುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಾಯಿತು. "ಅಲ್ಲೇ ಇಟ್ಟು ಹೋಗು," ಎಂದಳು. ಗೋಣಿಚೀಲದ ಕೋಣೆಯಲ್ಲಿದ್ದ ವಾರವಿಡೀ ಅಮ್ಮನೂ ನನ್ನ ತಟ್ಟೆಯನ್ನು ಹಾಗೇ ಇಟ್ಟು ಹೋಗಿದ್ದಳು. ಆಗ ಬೇಸರವಾಗಿದ್ದರೂ ಒಂಟಿತನ ಏನೆಂದು ತಿಳಿದಿರಲಿಲ್ಲ. ಅದು ತಿಳಿದದ್ದು ಆ ಬಾಗಿಲಲ್ಲಿ.

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಜ್ವರದ ಮಾತು ನಿಂತಿತ್ತು. ಗೇಟಿನ ಹಗ್ಗ ಬಿಚ್ಚಿದರು. ಮಕ್ಕಳು ಮತ್ತೆ ಶಿಶುವಿಹಾರಕ್ಕೆ ಬಂದವು. ಅಕ್ಕನ ಜಾಗದಲ್ಲಿ ಸಂಸೆ ಕಡೆಯಿಂದ ಬಂದ ಒಬ್ಬ ವಿಧವೆಯನ್ನು ಹಾಕಿದ್ದರು. ಅಪ್ಪನೇ ಆ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಬೇಕಾಯಿತು. ಅಕ್ಕನಿಗೆ ಕಣದಲ್ಲಿ ಕೆಲಸ ಕೊಟ್ಟರು, ಒಣಗಲು ಹರಡಿದ ಕಾಫಿಯನ್ನು ಕೈಯಾಡಿಸುವುದು. ಬಣಕಲ್ಲಿನವರು ಮತ್ತೆ ಫೋನು ಮಾಡಲಿಲ್ಲ.

ಸಿಸ್ಟರು ವಾಪಸ್ ಬಂದ ಮೇಲೆ ಅಮ್ಮನ ಹಳೆಯ ಚೀಟಿಯನ್ನು ತಾವೇ ಹರಿದು ಹಾಕಿದರಂತೆ. ಈಗ ಅಕ್ಕ ತಿಂಗಳಿಗೊಮ್ಮೆ ತಾನೇ ಹೋಗುತ್ತಾಳೆ, ತನ್ನ ಹೆಸರಿನ ಚೀಟಿ ಹಿಡಿದು, ಎಲ್ಲರ ನಡುವೆ ಸಾಲಿನಲ್ಲಿ ನಿಂತು. ನೋಡಿದವರು ಇದೇ ಸರಿಯಾದ ದಾರಿ ಎನ್ನುತ್ತಾರೆ. ಶೀಲ್ಡು ತಂದ ಭಾಷಣದಲ್ಲಿ ನಾನು ಹೇಳಿದ್ದೂ ಅದನ್ನೇ. ಅವಳಿಗೆ ಆಮೇಲೆ ಒಂದು ಸಲವೂ ಫಿಟ್ಸ್ ಬಂದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಸಂಜೆ ಅವಳ ಜೊತೆ ಕಣದಲ್ಲಿದ್ದೆ. ಹರಡಿದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದೆವು. ಕೆಲಸ ಬಿಟ್ಟ ಹೆಂಗಸರು ಶಿಶುವಿಹಾರದಿಂದ ಮಕ್ಕಳನ್ನು ಎತ್ತಿಕೊಂಡು ಕಣದ ಪಕ್ಕದಲ್ಲೇ ಹಾದುಹೋದರು. ಸ್ವಲ್ಪ ದೊಡ್ಡದಾದ ಒಂದು ಮಗು ತಾಯಿಯ ಕೈ ಹಿಡಿದು ನಡೆಯುತ್ತ ಅಕ್ಕನ ಕಡೆ ತಿರುಗಿ ತಿರುಗಿ ನೋಡಿತು. ಅವಳು ಯಾರೆಂದು ಅದಕ್ಕೆ ನೆನಪಿದ್ದಂತೆ ಕಾಣಲಿಲ್ಲ. ಅಕ್ಕ ಟಾರ್ಪಾಲಿನ ಮೂಲೆಗೆ ಕಲ್ಲು ಇಡುವುದರಲ್ಲಿದ್ದಳು.

ಡಾಕ್ಟರು ಒಳಗೆ ಕರೆದದ್ದನ್ನು ಆಗ ಅವಳಿಗೆ ಹೇಳಿದೆ. ಮೊದಲ ಸಲ, ಪೂರ್ತಿ, ನನ್ನ ಪರವಾಗಿ ಏನೂ ಸೇರಿಸದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಬೈಯಲಿಲ್ಲ. "ಆ ಕಡೆ ತುದಿ ಎಳೀ," ಎಂದಳು. ಎಳೆದೆ. ಇಬ್ಬರೂ ಮುಚ್ಚಿದ ರಾಶಿಯ ಆಚೆ ಈಚೆ ನಿಂತಿದ್ದೆವು. ನಾನು ಕೇಳಿದೆ:

"ಅಕ್ಕ, ಆವತ್ತು ನಾನು ಮನೆ ಬಿಡೋಕೆ ಮೊದಲು ನಿನ್ನ ಕೇಳಿದ್ದಿದ್ರೆ, ನಿನ್ನ ವಿಷ್ಯ ಹೇಳಿ ಮಾತ್ರೆ ತರ್ಲಾ, ಇಲ್ಲ ಹೇಳ್ದೆ ಬರಿಗೈಲಿ ಬರ್ಲಾ ಅಂತ, ನೀನು ಎಂತ ಹೇಳ್ತಿದ್ದೆ?"